1997ರ ಬಾವಿ ಸಾವು, 2018ರ ತನಿಖೆ: ಹಳೇ ಕೇಸಿನ ಪತ್ತೇದಾರಿ ಕಾದಂಬರಿಯಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ?

ತುಂಗಾತೀರ

ನಾನು ಬರೆಯುತ್ತಿರುವ ಕಾದಂಬರಿಯ ಹಂದರ ಹೀಗಿದೆ. ತರೀಕೆರೆ ತಾಲ್ಲೂಕಿನ ಒಂದು ಹಳ್ಳಿ, 1997ರ ಜೂನ್ 12. ಅಡಿಕೆ ತೋಟದ ಬಾವಿಯಲ್ಲಿ 28 ವರ್ಷದ ಯುವಕನ ಶವ ಸಿಗುತ್ತದೆ. "ಬೆಳಿಗ್ಗೆಯಿಂದ ತೋಟಕ್ಕೆ ಔಷಧಿ ಹೊಡೆಸುತ್ತಿದ್ದೆವು, ತಮ್ಮ ನೀರು ಸೇದಲು ಹೋದವನು ಕಾಲು ಜಾರಿ ಬಿದ್ದ" ಎಂದು ಅಣ್ಣ ಹೇಳಿಕೆ ಕೊಡುತ್ತಾನೆ. ಲಿಂಗಾಯತ ಮನೆತನ, ಶವವನ್ನು ಹೂಳುತ್ತಾರೆ, ಕೇಸು ಮುಗಿಯುತ್ತದೆ. 2018ರ ನವೆಂಬರ್‌ನಲ್ಲಿ ಹೊಸದಾಗಿ ಬಂದ ಸರ್ಕಲ್ ಇನ್ಸ್‌ಪೆಕ್ಟರ್ ಹಳೇ ಕಡತ ಬಿಚ್ಚುತ್ತಾನೆ. ಸ್ಟೇಷನ್ನಿನ ಬೀರುವಿನಲ್ಲಿ ರಕ್ತದ ಕಲೆಯಿದ್ದ ಪಂಚೆ ಸಿಗುತ್ತದೆ, ಡಿಎನ್‌ಎ ಹೊಂದುತ್ತದೆ, ಅಣ್ಣ ಠಾಣೆಯಲ್ಲೇ ತಪ್ಪೊಪ್ಪಿಕೊಳ್ಳುತ್ತಾನೆ. ಇದರಲ್ಲಿ ಯಾವುದು ನಂಬುವಂತಿದೆ, ಯಾವುದನ್ನು ಬದಲಿಸಬೇಕು? ವಿವರವಾಗಿಯೇ ಹೇಳಿ.

ಖಾಕಿ ದಫ್ತರ

ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಕೇಸು ಮುಗಿದದ್ದು ಹೇಗೆ? "ಕೇಸು ಮುಗಿಯಿತು" ಎಂಬ ಒಂದು ಮಾತಿನಲ್ಲಿ ಮೂರು ಬೇರೆ ಬೇರೆ ಕಾದಂಬರಿಗಳಿವೆ.

ಒಂದು, ಯುಡಿಆರ್. ಅಂದರೆ ಅಸ್ವಾಭಾವಿಕ ಸಾವಿನ ವರದಿ, ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ. ಇಲ್ಲಿ ಎಫ್‌ಐಆರೇ ಇರುವುದಿಲ್ಲ, ಆರೋಪಿಯೂ ಇರುವುದಿಲ್ಲ. ವರದಿ ಹೋಗುವುದು ಉಪವಿಭಾಗ ದಂಡಾಧಿಕಾರಿಗೆ, ಅಂದರೆ ಎ.ಸಿ. ಕಚೇರಿಗೆ. ನ್ಯಾಯಾಲಯದಲ್ಲಿ ಏನೂ ಸಿಗುವುದಿಲ್ಲ. ಎರಡು, ಬಿ ರಿಪೋರ್ಟ್. ದೂರು ಸುಳ್ಳು ಅಥವಾ ತಪ್ಪು ತಿಳುವಳಿಕೆ ಎಂದು ನ್ಯಾಯಾಲಯಕ್ಕೆ ಹೇಳಿ ಮುಗಿಸುವುದು. ಮೂರು, ಸಿ ರಿಪೋರ್ಟ್. ಕೊಲೆ ನಡೆದದ್ದು ನಿಜ, ಮಾಡಿದವರು ಪತ್ತೆಯಾಗಿಲ್ಲ ಎಂಬುದು.

ಸಿ ರಿಪೋರ್ಟ್ ಆಗಿದ್ದರೆ ಇನ್ಸ್‌ಪೆಕ್ಟರ್‌ಗೆ ದಾರಿ ಸಲೀಸು. 173(8)ರಡಿ ಹೆಚ್ಚಿನ ತನಿಖೆ ಮಾಡುತ್ತೇವೆಂದು ನ್ಯಾಯಾಲಯಕ್ಕೆ ತಿಳಿಸಿ ಮುಂದುವರಿಯಬಹುದು. ಬಿ ರಿಪೋರ್ಟ್ ಆಗಿದ್ದರೆ ಫಿರ್ಯಾದಿಗೆ ನೋಟಿಸ್ ಹೋಗಿತ್ತೇ, ಅವರು ತಕರಾರು ಅರ್ಜಿ ಹಾಕಿದ್ದರೇ ಎಂಬುದು ಮುಖ್ಯವಾಗುತ್ತದೆ. ಕಾಲು ಜಾರಿ ಬಿದ್ದ ಎಂಬ ನಿಮ್ಮ ಕಥೆಗೆ ಯುಡಿಆರ್ ಒಂದೇ ಹೊಂದುವುದು. ಹಾಗಿದ್ದಾಗ "ಕೇಸು ರೀಓಪನ್" ಎಂಬ ಮಾತೇ ಬರುವುದಿಲ್ಲ, ಹೊಸ ಎಫ್‌ಐಆರ್ ಬೇಕು. ಪೊಲೀಸರು ತಾವಾಗಿಯೇ ಅದನ್ನು ದಾಖಲಿಸಬಹುದು, ಆದರೆ ಯಾರಾದರೂ ದೂರು ಕೊಟ್ಟರೆ ಕಥೆ ಗಟ್ಟಿ. ಆ ದೂರುದಾರರು ಯಾರು ಎಂಬುದೇ ನಿಮ್ಮ ಕಥೆಯ ಬೇರು.

ಇನ್ನೊಂದು ವಿಷಯ. 1997ರಲ್ಲಿ ಹಳ್ಳಿಯ ಯುಡಿಆರ್ ನೋಡುವುದು ಪಿಎಸ್‌ಐ ಅಥವಾ ಅವರ ಪರವಾಗಿ ಎಎಸ್‌ಐ ಇಲ್ಲವೇ ಹೆಡ್ ಕಾನ್‌ಸ್ಟೆಬಲ್. ಕೊಲೆ ಎಂದಾದರೆ ಮಾತ್ರ ಸರ್ಕಲ್‌ಗೆ ಹೋಗುತ್ತಿತ್ತು. ಆಗಿನ ಪಾತ್ರಗಳು "ಸಿಐಡಿಗೆ ಕೊಡಿ" ಎಂದರೆ ಕಿವಿಗೆ ಅಡ್ಡ ಹೊಡೆಯುತ್ತದೆ, ಆಗ ಜನ ಹೇಳುತ್ತಿದ್ದದ್ದು ಸಿಓಡಿ, ಅಂದರೆ ಕಾರ್ಪ್ಸ್ ಆಫ್ ಡಿಟೆಕ್ಟಿವ್ಸ್.

ವಕೀಲಿ ಗುಮಾಸ್ತ

ದಫ್ತರದವರು ಹೇಳಿದ್ದಕ್ಕೆ ಸೇರಿಸುತ್ತೇನೆ. 2018 ಎಂಬ ವರ್ಷವನ್ನು ಬದಲಿಸಬೇಡಿ. 2024ರ ಜುಲೈ 1ರ ನಂತರಕ್ಕೆ ತಂದರೆ ಅಪರಾಧಕ್ಕೆ ಹಳೆಯ ಐಪಿಸಿ, ತನಿಖೆಯ ಕ್ರಮಕ್ಕೆ ಹೊಸ ನಾಗರಿಕ ಸುರಕ್ಷಾ ಸಂಹಿತೆ ಎಂದು ಎರಡು ಕಾನೂನು ಒಟ್ಟಿಗೆ ಓಡುತ್ತವೆ. ಅದನ್ನು ಓದುಗರಿಗೆ ಬಿಡಿಸಿ ಹೇಳುವುದರಲ್ಲೇ ಎರಡು ಅಧ್ಯಾಯ ಹೋಗುತ್ತವೆ.

ಕೊಲೆಗೆ ಕಾಲಮಿತಿ ಇಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 468ನೇ ಕಲಮಿನ ಮಿತಿ ಮೂರು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಕೊಲೆಯ ಸಾಕ್ಷ್ಯ ನಾಶಕ್ಕೆ ಐಪಿಸಿ 201ರಡಿ ಏಳು ವರ್ಷದವರೆಗೆ ಶಿಕ್ಷೆ ಇರುವುದರಿಂದ ಅದಕ್ಕೂ ಮಿತಿ ತಟ್ಟುವುದಿಲ್ಲ. ಆದರೆ 21 ವರ್ಷದ ವಿಳಂಬಕ್ಕೆ ದೂರಿನಲ್ಲೇ ಕಾರಣ ಬರೆದಿರಬೇಕು. ಇಲ್ಲದಿದ್ದರೆ ಎದುರು ವಕೀಲರ ಮೊದಲ ಪ್ರಶ್ನೆಯೇ ಅದು.

ಠಾಣೆಯ ತಪ್ಪೊಪ್ಪಿಗೆಯನ್ನು ದಯವಿಟ್ಟು ತೆಗೆಯಿರಿ. ಆಗ ಜಾರಿಯಲ್ಲಿದ್ದ ಸಾಕ್ಷ್ಯ ಅಧಿನಿಯಮದ 25, 26ನೇ ಕಲಂ ಪ್ರಕಾರ ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. 27ನೇ ಕಲಂ ಒಂದೇ ಕಿಂಡಿ: ಆರೋಪಿ ಹೇಳಿದ್ದರಿಂದ ಹೊಸದಾಗಿ ಒಂದು ವಸ್ತು ಸಿಕ್ಕರೆ, ಆ ವಸ್ತುವಿಗೆ ತಗುಲಿದ ಮಾತಷ್ಟೇ ನಿಲ್ಲುತ್ತದೆ. ಮಂಪರು ಪರೀಕ್ಷೆ ತರಬೇಕೆಂದಿದ್ದರೆ ಅದೂ ಬೇಡ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಪ್ಪಿಗೆಯಿಲ್ಲದೆ ಅದನ್ನು ಮಾಡುವಂತಿಲ್ಲ.

ಮೂಳೆಮಾತು

ಪಂಚೆಯ ವಿಷಯಕ್ಕೆ ಬರೋಣ. ಯುಡಿಆರ್‌ನಲ್ಲಿ ಶವದ ಮೇಲಿನ ಬಟ್ಟೆಯನ್ನು ಸಾಮಾನ್ಯವಾಗಿ ವಾರಸುದಾರರಿಗೆ ಕೊಡುತ್ತಾರೆ ಅಥವಾ ಶವದ ಜೊತೆಗೇ ಹೂಳುತ್ತಾರೆ. ಅದು ಬೀರುವಿನಲ್ಲಿ ಉಳಿಯಿತು ಎನ್ನಲು ಬಲವಾದ ಕಾರಣ ಬೇಕು. ಉಳಿದರೂ, ಬಾವಿಯಿಂದ ತೆಗೆದ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಕೆಲವೇ ದಿನಗಳಲ್ಲಿ ಬೂಸ್ಟು ಹಿಡಿದು ಬ್ಯಾಕ್ಟೀರಿಯಾ ಡಿಎನ್‌ಎಯನ್ನು ಹಾಳುಮಾಡುತ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿ ಇಟ್ಟಿದ್ದರೆ ದಶಕಗಳಾದರೂ ಉಳಿಯಬಹುದು, ಆದರೆ ನೀರಲ್ಲಿ ಬಿದ್ದ ಬಟ್ಟೆಯಲ್ಲಿ ರಕ್ತವೇ ತೊಳೆದುಹೋಗಿರುತ್ತದೆ. ಇದೆಲ್ಲ ದಾಟಿ ರಕ್ತ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದು ಸತ್ತವನದೇ ರಕ್ತ. ಒಂದೇ ಮನೆಯಲ್ಲಿದ್ದ ಅಣ್ಣನ ಕುರುಹು ತಮ್ಮನ ಪಂಚೆಯ ಮೇಲೆ ಸಿಕ್ಕರೂ ಏನೂ ಸಾಬೀತಾಗುವುದಿಲ್ಲ. ಗಂಡು ಸಂತತಿಯ ವೈ ಕ್ರೋಮೋಸೋಮಿನ ಗುರುತನ್ನು ನೋಡುವುದಾದರೆ ಅಣ್ಣತಮ್ಮಂದಿರಲ್ಲಿ ಅದು ಒಂದೇ ಇರುತ್ತದೆ.

ನಿಮ್ಮ ಕಥೆಯಲ್ಲಿ ನಿಜವಾಗಿ ಉಳಿದಿರುವುದು ಮೂಳೆ. ಹೂಳುವ ಪದ್ಧತಿ ಇಟ್ಟಿದ್ದೀರಿ, ಅದು ಕಥೆಯ ದೊಡ್ಡ ಬಲ. ಸುಟ್ಟಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು.

ಹೂತ ಶವ ತೆಗೆಯಲು ಎ.ಸಿ. ಅಥವಾ ತಹಶೀಲ್ದಾರರ ಆದೇಶ ಬೇಕು, 176(3). ಭಾರತದಲ್ಲಿ ಇದಕ್ಕೆ ಇಷ್ಟು ವರ್ಷದೊಳಗೆ ಎಂಬ ಮಿತಿಯಿಲ್ಲ. ಲಿಂಗಾಯತರಲ್ಲಿ ಶವವನ್ನು ಕೂರಿಸಿ ಹೂಳುತ್ತಾರೆ, ಇದನ್ನು ಬರೆಯುವಾಗ ಮರೆಯಬೇಡಿ. ಕಾಲ ಕಳೆದಂತೆ ದೇಹ ಕುಸಿದು ತಲೆಬುರುಡೆ ಸೊಂಟದ ಮೂಳೆಗಳ ಹತ್ತಿರಕ್ಕೆ ಇಳಿದಿರುತ್ತದೆ, ಪಕ್ಕೆಲುಬು, ಬೆನ್ನೆಲುಬಿನ ಮಣಿಗಳು ಒಂದರ ಮೇಲೊಂದು ರಾಶಿಯಾಗಿರುತ್ತವೆ. ಜೆಸಿಬಿ ತಂದರೆ ಎಲ್ಲ ಚೂರು. ಮೇಲಿನಿಂದ ಪದರ ಪದರವಾಗಿ, ಕೊನೆಯ ಎರಡಡಿಯನ್ನು ಕರಣೆ ಮತ್ತು ಕುಂಚದಿಂದ ಬಿಡಿಸಬೇಕು. ತೆಗೆದ ಮಣ್ಣನ್ನೆಲ್ಲ ಜರಡಿ ಹಿಡಿಯಬೇಕು. ವಿಷದ ಅನುಮಾನವಿದ್ದರೆ ಶವದ ಮೇಲಿನ, ಕೆಳಗಿನ, ಪಕ್ಕದ ಮಣ್ಣು, ಜೊತೆಗೆ ದೂರದ ಒಂದು ಕಡೆಯ ಮಣ್ಣು, ಗುಣಿಗೆ ಹಾಕಿದ ವಿಭೂತಿ ಉಳಿದಿದ್ದರೆ ಅದನ್ನೂ ಬೇರೆ ಬೇರೆಯಾಗಿ ತೆಗೆದಿಡಬೇಕು.

ಮಲೆನಾಡಿನ ಕಡೆಯ ಮಣ್ಣು ಹುಳಿ, ಮೂಳೆಯನ್ನು ನಿಧಾನವಾಗಿ ಕರಗಿಸುತ್ತದೆ. ಬಯಲುಸೀಮೆಯ ಎರೆಮಣ್ಣಿನಲ್ಲಾದರೆ ಮೂಳೆ ಇನ್ನೂ ಗಟ್ಟಿಯಾಗಿ ಸಿಗುತ್ತಿತ್ತು. 21 ವರ್ಷಕ್ಕೆ ತೊಡೆಯ ಮೂಳೆ, ಬುರುಡೆ, ದವಡೆ ಹಲ್ಲು ಸಿಗುವುದು ನಂಬುವಂಥದ್ದೇ. ಡಿಎನ್‌ಎಗೆ ಬೇಕಾದ್ದು ಆ ತೊಡೆಮೂಳೆ ಮತ್ತು ಹುಳುಕಿಲ್ಲದ ದವಡೆ ಹಲ್ಲು. ಅದು ಸತ್ತವನು ಯಾರೆಂದು ಹೇಳುತ್ತದೆಯೇ ಹೊರತು ಕೊಂದವನು ಯಾರೆಂದಲ್ಲ.

ತುಂಗಾತೀರ

ಕುತ್ತಿಗೆ ಹಿಸುಕಿ ಬಾವಿಗೆ ಹಾಕಿದ ಎಂದು ಬರೆದಿದ್ದೆ. ಗಂಟಲಿನ ಹಯಾಯ್ಡ್ ಮೂಳೆ ಮುರಿದಿರುವುದು ಸಿಕ್ಕರೆ ಸಾಕಲ್ಲವೇ?

ಮೂಳೆಮಾತು

ಸಾಕಾಗುವುದಿಲ್ಲ. ಹಯಾಯ್ಡ್ ಮೂಳೆಯ ನಡುಭಾಗಕ್ಕೆ ಅದರ ಎರಡು ಕೊಂಬುಗಳು ಬೆಸೆದುಕೊಳ್ಳುವುದು ಬಹಳ ಜನರಲ್ಲಿ ನಡುವಯಸ್ಸಿನಲ್ಲಿ. 28 ವರ್ಷದವನಲ್ಲಿ ಅವು ಬೇರೆ ಬೇರೆ ತುಂಡುಗಳಾಗಿಯೇ ಸಿಗಬಹುದು. ಅದನ್ನು ಮುರಿತ ಎಂದರೆ ಪಾಟೀಸವಾಲಿನಲ್ಲಿ ವೈದ್ಯರು ಐದು ನಿಮಿಷ ನಿಲ್ಲುವುದಿಲ್ಲ. ವಯಸ್ಸು ಕಡಿಮೆಯಿದ್ದಷ್ಟೂ ಆ ಮೂಳೆ ಬಾಗುತ್ತದೆ, ಮುರಿಯದೆಯೂ ಸಾವು ಆಗಿರುತ್ತದೆ.

ತಲೆಯ ಪೆಟ್ಟಿಗೆ ಬದಲಿಸಿ. ಬುರುಡೆಯ ಒಳತಗ್ಗಾದ ಮುರಿತ ಮಣ್ಣಿನಲ್ಲೂ ಉಳಿಯುತ್ತದೆ. ಕಲ್ಲು ಕಟ್ಟಿದ ಬಾವಿಗೆ ಬಿದ್ದರೂ ತಲೆ ಒಡೆಯುತ್ತದೆ ಎಂಬ ವಾದ ಬಂದೇ ಬರುತ್ತದೆ, ಬರಲಿ. ಟೋಪಿಯ ಅಂಚಿಗಿಂತ ಮೇಲಿನ ಗಾಯ ಹೊಡೆತದ್ದು ಎಂಬ ಸೂತ್ರವನ್ನು ಕೆಲವು ಕಾದಂಬರಿಕಾರರು ಬಳಸುತ್ತಾರೆ. ಅದು ನಿಂತ ನೆಲದಲ್ಲಿ ಬಿದ್ದವರ ಲೆಕ್ಕ, ಬಾವಿಗೆ ಹೊಂದುವುದಿಲ್ಲ. ಇಲ್ಲಿ ಬೇಕಾದ್ದು ಆಯುಧದ ಅಚ್ಚು. ಕೊಡಲಿಯ ಹಿಂಬದಿಯ ಚೌಕ ಮೂಲೆ ಬುರುಡೆಯ ಮೇಲೆ ನೇರ ಅಂಚಿನ ತಗ್ಗು ಬಿಡುತ್ತದೆ, ಉರುಟು ಕಲ್ಲು ಅಂಥ ಅಂಚು ಬಿಡುವುದಿಲ್ಲ. ಮುರಿತದ ಅಂಚಿನ ಬಣ್ಣವನ್ನೂ ನೋಡುತ್ತಾರೆ. ಸಾಯುವ ಹೊತ್ತಿಗೆ ಆದ ಮುರಿತದ ಅಂಚು ಉಳಿದ ಮೂಳೆಯಂತೆಯೇ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಅಗೆಯುವಾಗ ಗುದ್ದಲಿ ತಗುಲಿದ್ದರೆ ಅಂಚು ಬಿಳಿಯಾಗಿ ಕಾಣುತ್ತದೆ.

ಮೂಳೆಯ ಮಜ್ಜೆಯಲ್ಲಿ ಡಯಾಟಮ್ (ನೀರಿನಲ್ಲಿರುವ ಸೂಕ್ಷ್ಮ ಪಾಚಿ) ಹುಡುಕಿ, ನೀರಿಗೆ ಬಿದ್ದಾಗ ಜೀವವಿತ್ತೇ ಎಂದು ಹೇಳಿಸುವ ಯೋಚನೆ ಇದ್ದರೆ ಬಿಡಿ. ಹೊಸ ಶವದಲ್ಲೇ ಅದರ ಮೇಲೆ ತಕರಾರಿದೆ, 22 ಮಳೆಗಾಲದ ನೀರು ಇಳಿದ ಮೂಳೆಯಲ್ಲಿ ಅದಕ್ಕೆ ಅರ್ಥವೇ ಇಲ್ಲ.

ಖಾಕಿ ದಫ್ತರ

ಈಗ ಹಳೇ ಯುಡಿಆರ್ ಕಡತವನ್ನು ಮೇಜಿನ ಮೇಲೆ ಹರಡಿ. ಮೂಲ ದೂರಿನ ಹೇಳಿಕೆ, ಸ್ಥಳ ಮಹಜರು, ಶವ ಪಂಚನಾಮೆ, ಪಂಚರ ಸಹಿ ಅಥವಾ ಹೆಬ್ಬೆಟ್ಟು, ಮರಣೋತ್ತರ ಪರೀಕ್ಷಾ ವರದಿ, ಒಳಾಂಗಗಳನ್ನು ಪ್ರಯೋಗಾಲಯಕ್ಕೆ ಕಳಿಸಿದ ಪತ್ರ, ಕೊನೆಗೆ ಮುಕ್ತಾಯ ವರದಿ.

ಇದರಲ್ಲಿ ಎಲ್ಲಿ ತೂತು ಇಡಬೇಕು ಎಂದರೆ ಮರಣೋತ್ತರ ವರದಿಯ ಕೊನೆಯ ಸಾಲಿನಲ್ಲಿ. "ರಾಸಾಯನಿಕ ಪರೀಕ್ಷೆಯ ವರದಿ ಬರುವವರೆಗೆ ಸಾವಿನ ಕಾರಣದ ಅಭಿಪ್ರಾಯವನ್ನು ಕಾಯ್ದಿರಿಸಲಾಗಿದೆ" ಎಂದು ತಾಲ್ಲೂಕು ಆಸ್ಪತ್ರೆಯ ವೈದ್ಯರು ಬರೆಯುತ್ತಾರೆ. ಹೊಟ್ಟೆ ಮತ್ತು ಅದರಲ್ಲಿದ್ದದ್ದು, ಸಣ್ಣಕರುಳು, ಪಿತ್ತಜನಕಾಂಗದ ತುಂಡು, ಎರಡೂ ಮೂತ್ರಪಿಂಡದ ಅರ್ಧರ್ಧ, ಇವು ಅಡಿಗೆ ಉಪ್ಪಿನ ಗಟ್ಟಿ ದ್ರಾವಣದಲ್ಲಿ ಸೀಲಾಗಿ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ತಿಂಗಳುಗಳ ನಂತರ "ವಿಷ ಕಂಡುಬಂದಿಲ್ಲ" ಎಂದು ವರದಿ ಬರುತ್ತದೆ. ಆ ವರದಿಯನ್ನು ತೆಗೆದುಕೊಂಡು ಮತ್ತೆ ವೈದ್ಯರ ಹತ್ತಿರ ಹೋಗಿ ಅಂತಿಮ ಅಭಿಪ್ರಾಯ ಪಡೆಯಬೇಕು. ಅಷ್ಟರಲ್ಲಿ ಪಿಎಸ್‌ಐಗೆ ವರ್ಗವಾಗಿದೆ, ವೈದ್ಯರಿಗೂ ವರ್ಗವಾಗಿದೆ. ವಿಷ ಇಲ್ಲ ಎಂಬುದನ್ನೇ ಕೊಲೆ ಅಲ್ಲ ಎಂದು ಓದಿ ಯಾರೋ ಮುಕ್ತಾಯ ವರದಿ ಬರೆದಿದ್ದಾರೆ. ಮೂರನೇ ಪುಟದ ಗಾಯಗಳ ಕಾಲಂನಲ್ಲಿ ತಲೆಯ ಹಿಂಭಾಗದ ಗಾಯದ ಅಳತೆ ಸ್ಪಷ್ಟವಾಗಿಯೇ ಇದೆ, ಅದು ಹೇಗಾಯಿತೆಂದು ಯಾರೂ ಕೇಳಿಲ್ಲ. ಲಂಚ ತಿಂದ ಪೊಲೀಸು ಪಾತ್ರವನ್ನು ತರುವ ಅಗತ್ಯವೇ ಬೀಳುವುದಿಲ್ಲ, ಮತ್ತು ಇದು ಹೆಚ್ಚು ನೋವು ಕೊಡುತ್ತದೆ.

ಠಾಣೆಯ ಪ್ರತಿ ಗೆದ್ದಲು ತಿಂದಿದ್ದರೆ ಎ.ಸಿ. ಕಚೇರಿಯ ಪ್ರತಿ, ಆಸ್ಪತ್ರೆಯ ಮರಣೋತ್ತರ ರಿಜಿಸ್ಟರ್ ನೋಡಿಸಿ. ಮೂರು ಕಡೆ ಒಂದೇ ಸಾವಿನ ದಾಖಲೆ ಇರುತ್ತದೆ.

ಕರಡು ತಿದ್ದು

ಡಿಎನ್‌ಎ ಇಲ್ಲದೆ ಈಗಿನ ಓದುಗರು ಒಪ್ಪುತ್ತಾರೆಯೇ ಎಂಬುದು ನನ್ನ ಅನುಮಾನ. ಕ್ಯಾಲಿಫೋರ್ನಿಯಾದಲ್ಲಿ 2018ರ ಏಪ್ರಿಲ್‌ನಲ್ಲೇ ಜೆಡ್‌ಮ್ಯಾಚ್ ಎಂಬ ವಂಶಾವಳಿ ತಾಣಕ್ಕೆ ಹಳೇ ಕುರುಹಿನ ಡಿಎನ್‌ಎ ಹಾಕಿ, ದೂರದ ಸಂಬಂಧಿಕರ ಜಾಡು ಹಿಡಿದು ಗೋಲ್ಡನ್ ಸ್ಟೇಟ್ ಹಂತಕನೆಂಬ ಹಳೇ ಸರಣಿ ಕೊಲೆಗಾರನನ್ನು ಹಿಡಿದರು. ನಿಮ್ಮ ಕಥೆಯೂ ಅದೇ ವರ್ಷದ್ದು. ಇನ್ಸ್‌ಪೆಕ್ಟರ್ ಅದನ್ನು ಓದಿರುವುದು ಸಹಜ.

ಮೂಳೆಮಾತು

ಓದಿರಲಿ, ಆದರೆ ಇಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಲಕ್ಷಾಂತರ ಜನ ತಾವಾಗಿಯೇ ತಮ್ಮ ಡಿಎನ್‌ಎಯನ್ನು ತಾಣಕ್ಕೆ ಹಾಕಿದ್ದರು, ನಮ್ಮಲ್ಲಿ ಅಂಥ ಸಂಗ್ರಹವಿಲ್ಲ. ರಾಷ್ಟ್ರೀಯ ಡಿಎನ್‌ಎ ಭಂಡಾರಕ್ಕಾಗಿ 2019ರಲ್ಲಿ ಲೋಕಸಭೆಗೆ ತಂದ ಮಸೂದೆಯನ್ನು 2023ರಲ್ಲಿ ವಾಪಸ್ ಪಡೆದರು. ಮಿಗಿಲಾಗಿ ಅಲ್ಲಿ ಅಪರಿಚಿತ ಹಂತಕ ಬಿಟ್ಟುಹೋದ ಕುರುಹಿತ್ತು. ಇಲ್ಲಿ ಹಂತಕ ಮನೆಯವನೇ.

ಕರ್ನಾಟಕದ್ದೇ ಮಾದರಿ ಬೇಕಿದ್ದರೆ ಬೆಂಗಳೂರಿನ ರಿಚ್‌ಮಂಡ್ ರಸ್ತೆಯ ಶಾಕಿರೆ ಖಲೀಲಿ ಪ್ರಕರಣವನ್ನು ಓದಿ. 1991ರಲ್ಲಿ ಕಾಣೆಯಾದವರು, ಮಗಳ ದೂರು 1992ರಲ್ಲಿ, ಮನೆಯ ಆವರಣವನ್ನು ಅಗೆದು ಅಸ್ಥಿಪಂಜರ ತೆಗೆದದ್ದು 1994ರಲ್ಲಿ. ಗುರುತು ಹಿಡಿಯಲು ಬುರುಡೆಯ ಮೇಲೆ ಭಾವಚಿತ್ರ ಕೂರಿಸಿ ನೋಡುವ ವಿಧಾನ ಮತ್ತು ಡಿಎನ್‌ಎ ಎರಡನ್ನೂ ಬಳಸಿದರು. ಅಲ್ಲೂ ಡಿಎನ್‌ಎ ಮಾಡಿದ ಕೆಲಸ ಗುರುತು ಹಿಡಿಯುವುದು. ಗಂಡನ ಮೇಲಿನ ಆರೋಪ ನಿಂತದ್ದು ಸನ್ನಿವೇಶದ ಸರಪಳಿಯ ಮೇಲೆ, ಮತ್ತು ಆ ಕೇಸಿನ ಜಗ್ಗಾಟ 2008ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ನಡೆಯಿತು.

ಅಡಿಕೆ ಸಿಂಗಾರ

ಕಾನೂನು ನನಗೆ ಗೊತ್ತಿಲ್ಲ, ಆದರೆ ಅಣ್ಣನ ಹೇಳಿಕೆಯಲ್ಲೇ ಒಂದು ಎಳೆ ಇದೆ, ಅದನ್ನು ಯಾರೂ ಹಿಡಿದಿಲ್ಲ. ಜೂನ್ 12ರ ಬೆಳಿಗ್ಗೆಯಿಂದ ಔಷಧಿ ಹೊಡೆಸುತ್ತಿದ್ದೆವು ಎಂದಿದ್ದಾನೆ. ಕೊಳೆರೋಗಕ್ಕೆ ಹೊಡೆಯುವುದು ಬೋರ್ಡೋ ದ್ರಾವಣ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು 40ರಿಂದ 45 ದಿನ ಬಿಟ್ಟು. ಗೊನೆ ಒಣಗಿರಬೇಕು, ಹೊಡೆದ ಮೇಲೂ ಒಂದಿಷ್ಟು ಹೊತ್ತು ಹೊಳವಾಗಬೇಕು. ಮಳೆ ಸುರಿಯುವಾಗ ಯಾವ ತೋಟದವರೂ ಔಷಧಿ ಹೊಡೆಸುವುದಿಲ್ಲ. ಮಾಡಿದ್ದೆಲ್ಲ ತೊಳೆದುಹೋಗುತ್ತದೆ, ಕೂಲಿ ದಂಡ. ಅದಕ್ಕಿಂತ ಹೆಚ್ಚಾಗಿ ಒದ್ದೆ ಮರ ಜಾರುತ್ತದೆ, ಕೊನೆಗಾರ (ಅಡಿಕೆ ಮರ ಹತ್ತಿ ಕೆಲಸ ಮಾಡುವವನು) ಹತ್ತುವುದೇ ಇಲ್ಲ.

ಆ ದಿನ ಮಳೆ ಬಂದಿತ್ತೇ ಎಂಬುದಕ್ಕೆ ದಾಖಲೆ ಇರುತ್ತದೆ. ತಾಲ್ಲೂಕು ಕೇಂದ್ರದ ಮಳೆಮಾಪಕದಲ್ಲಿ ದಿನಾ ಅಳೆದು ಬರೆಯುತ್ತಾರೆ, ದೊಡ್ಡ ತೋಟದವರು ತಮ್ಮದೇ ಮಾಪಕ ಇಟ್ಟುಕೊಂಡು ಡೈರಿ ಬರೆಯುತ್ತಾರೆ. ಕಾದಂಬರಿಯಲ್ಲಿ ಒಂದು ಕಡೆ ಎಡವಿಸಿ: ಅಳತೆ ಬೆಳಿಗ್ಗೆ ಎಂಟೂವರೆಗೆ. ಜೂನ್ 12 ಎಂದು ಬರೆದ ಅಂಕಿ 11ರ ಎಂಟೂವರೆಯಿಂದ 12ರ ಎಂಟೂವರೆವರೆಗಿನ ಮಳೆ. ಅಣ್ಣನ ಸುಳ್ಳು ಬಯಲಾಗಬೇಕಾದರೆ ನೋಡಬೇಕಾದ್ದು ಜೂನ್ 13ರ ಸಾಲು. ಮೊದಲ ಸಲ 12ರ ಸಾಲಿನಲ್ಲಿ ಸೊನ್ನೆ ಕಂಡು ಇನ್ಸ್‌ಪೆಕ್ಟರ್ ಆ ಜಾಡು ಬಿಡುತ್ತಾನೆ. ಐವತ್ತು ಪುಟ ಕಳೆದ ಮೇಲೆ ಒಬ್ಬ ಹಳೇ ತೋಟಗಾರ ಅಳತೆಯ ಕ್ರಮ ಹೇಳಿದಾಗ ಮತ್ತೆ ಹೋಗಿ 13ರ ಸಾಲು ನೋಡುತ್ತಾನೆ, ಅಲ್ಲಿ 60 ಮಿಲಿಮೀಟರ್ ಇದೆ.

ಕೊನೆಗಾರನನ್ನೂ ಬಿಡಬೇಡಿ. ಔಷಧಿ ಹೊಡೆಯುವವನು ಅವನೇ, ಮರದ ತುದಿಯಿಂದ ಪಕ್ಕದ ಮೂರು ತೋಟ ಕಾಣುವುದೂ ಅವನಿಗೇ. ಆ ದಿನ ಕೆಲಸಕ್ಕೆ ಕರೆದಿರಲೇ ಇಲ್ಲ ಎಂದು ಅವನು ಹೇಳಿದರೆ ಮಳೆಯ ಲೆಕ್ಕಕ್ಕೆ ಜೊತೆ ಸಿಗುತ್ತದೆ.

ಕರಡು ತಿದ್ದು

ಇದು ಡಿಎನ್‌ಎಗಿಂತ ಎಷ್ಟೋ ಚೆನ್ನಾಗಿದೆ. ಹೇಳಿಕೆ ಮೊದಲ ಅಧ್ಯಾಯದಲ್ಲೇ ಓದುಗರ ಕಣ್ಣಮುಂದೆ ಬಿದ್ದಿರಲಿ, ಆದರೆ ಅದರ ಸುತ್ತ ಬಾವಿಯ ಕಟ್ಟೆ, ಹಗ್ಗ, ರಾಟೆಗಳ ವಿವರ ತುಂಬಿ ಗಮನವನ್ನು ಅತ್ತ ಎಳೆಯಿರಿ. ಔಷಧಿಯ ಮಾತು ಅರ್ಧ ವಾಕ್ಯವಾಗಿ ಬಂದುಹೋಗಲಿ. ಬಾವಿಯ ಹೆಣ ತೆಗೆಯುವ ದೃಶ್ಯದಲ್ಲಿ ಮಳೆಯ ಬಗ್ಗೆ ನೀವಾಗಿ ಏನೂ ಹೇಳಬೇಡಿ. ಮಹಜರಿನಲ್ಲಿ "ನೆಲ ಒದ್ದೆಯಾಗಿದ್ದು, ಹೆಜ್ಜೆ ಗುರುತು ಕಂಡುಬರಲಿಲ್ಲ" ಎಂಬ ಸಾಲು ಸಾಕು.

ವಕೀಲಿ ಗುಮಾಸ್ತ

ಸರ್ಕಾರಿ ಮಳೆ ರಿಜಿಸ್ಟರ್ ಕರ್ತವ್ಯದಲ್ಲಿ ಬರೆದ ದಾಖಲೆ, ಸಾಕ್ಷ್ಯ ಅಧಿನಿಯಮದ 35ನೇ ಕಲಮಿನಡಿ ಸಾಕ್ಷ್ಯಕ್ಕೆ ಬರುತ್ತದೆ. ದೃಢೀಕೃತ ನಕಲು ಸಾಕು. ಖಾಸಗಿ ತೋಟದ ಡೈರಿಯಾದರೆ ಬರೆದವರೇ ಬಂದು ಹೇಳಬೇಕು, ಅವರು ತೀರಿಕೊಂಡಿದ್ದರೆ 32(2)ರಡಿ, ದಿನನಿತ್ಯದ ವ್ಯವಹಾರದಲ್ಲಿ ಬರೆದದ್ದು ಎಂದು ತೋರಿಸಬೇಕು. ಕೊನೆಗಾರ ಬದುಕಿರಲೇಬೇಕು. ಪೊಲೀಸರು ದಂಡ ಪ್ರಕ್ರಿಯಾ ಸಂಹಿತೆಯ 161ರಡಿ ಬರೆದುಕೊಂಡ ಹೇಳಿಕೆಗೆ ಸಹಿ ಇರುವುದಿಲ್ಲ, ಸಾಕ್ಷಿ ಸತ್ತರೆ ಆ ಕಾಗದದಿಂದ ಪ್ರಾಸಿಕ್ಯೂಷನ್‌ಗೆ ಪ್ರಯೋಜನವಿಲ್ಲ. 164ರಡಿ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಸಿಡುವುದು ಜಾಣತನ.

ಸುಳ್ಳು ವಿವರಣೆ ಸರಪಳಿಗೆ ಒಂದು ಕೊಂಡಿ ಮಾತ್ರ. ಉಳಿದ ಕೊಂಡಿಗಳಿಲ್ಲದೆ ಅದೊಂದೇ ಶಿಕ್ಷೆ ತರುವುದಿಲ್ಲ. ಸನ್ನಿವೇಶ ಸಾಕ್ಷ್ಯದ ಬಗ್ಗೆ ಶರದ್ ಸಾರ್ಡಾ ಪ್ರಕರಣದ 1984ರ ಸುಪ್ರೀಂ ಕೋರ್ಟ್ ತೀರ್ಪಿನ ಐದು ಸೂತ್ರಗಳನ್ನು ಓದಿಕೊಳ್ಳಿ. ಆದ್ದರಿಂದ ಉದ್ದೇಶ ಬಲವಾಗಿರಬೇಕು.

ತುಂಗಾತೀರ

ಉದ್ದೇಶ ಜಮೀನೇ. ಇಬ್ಬರಿಗೂ ಭಾಗವಾಗಿತ್ತು, ತಮ್ಮ ಮದುವೆಯಾಗಿರಲಿಲ್ಲ, ಅವನ ಪಾಲು ಅಣ್ಣನಿಗೆ ಬಂತು. ಇಷ್ಟು ಸಾಲದೇ?

ವಕೀಲಿ ಗುಮಾಸ್ತ

ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹಾಗೆ ಬರುವುದಿಲ್ಲ. ಮದುವೆಯಾಗದ ಮಗ ಸತ್ತರೆ, ತಾಯಿ ಬದುಕಿದ್ದರೆ ಅವರೇ ಮೊದಲ ವರ್ಗದ ವಾರಸುದಾರರು. ಅಣ್ಣ ಎರಡನೇ ವರ್ಗ, ತಾಯಿ ಇರುವವರೆಗೆ ಅವನಿಗೆ ಏನೂ ಇಲ್ಲ. ಹೀಗಿರುವಾಗ ಪೌತಿ ಖಾತೆ (ಸತ್ತವರ ಜಮೀನಿನ ಖಾತೆ ಬದಲಾವಣೆ) ನೇರವಾಗಿ ಅಣ್ಣನ ಹೆಸರಿಗೆ ಆಗಿದ್ದರೆ ವಂಶವೃಕ್ಷದಲ್ಲಿ ಯಾರನ್ನೋ ಬಿಟ್ಟಿದ್ದಾರೆ ಎಂದರ್ಥ.

ನನ್ನ ಸಲಹೆ ಇದು. ತಮ್ಮನಿಗೆ ಮದುವೆಯಾಗಿತ್ತು, ಮನೆಯವರಿಗೆ ತಿಳಿಸದೆ ಶಿವಮೊಗ್ಗದಲ್ಲಿ ನೋಂದಣಿಯಾಗಿತ್ತು. ಹೆಂಡತಿ ಬಸುರಿ. ತಮ್ಮ ಸತ್ತ ಮೇಲೆ 1998ರ ಜನವರಿಯಲ್ಲಿ ಮಗಳು ಹುಟ್ಟುತ್ತಾಳೆ. ತಂದೆ ಸತ್ತಾಗ ಗರ್ಭದಲ್ಲಿದ್ದ ಮಗುವಿಗೂ 20ನೇ ಕಲಂ ಪ್ರಕಾರ ಹುಟ್ಟಿದ ಮಗುವಿನಷ್ಟೇ ಹಕ್ಕಿದೆ. ದೂರುದಾರಳು ಅವಳೇ. ಸಮಾಧಿಯ ಮೂಳೆಯ ಡಿಎನ್‌ಎಯನ್ನು ಹೋಲಿಸುವುದೂ ಅವಳದರ ಜೊತೆಗೆ, ಅವಳ ತಾಯಿಯದೂ ಇದ್ದರೆ ಫಲಿತಾಂಶ ಇನ್ನೂ ಗಟ್ಟಿ. 21 ವರ್ಷದ ವಿಳಂಬಕ್ಕೂ ಕಾರಣ ಸಿಕ್ಕಿತು: ಅವಳಿಗೆ ತಂದೆ ಯಾರೆಂದು ತಿಳಿದದ್ದೇ ಈಗ.

ಇನ್ಸ್‌ಪೆಕ್ಟರ್ ನೋಡಬೇಕಾದ್ದು ತಾಲ್ಲೂಕು ಕಚೇರಿಯ ಮ್ಯುಟೇಷನ್ ರಿಜಿಸ್ಟರ್ (ಎಂ.ಆರ್.), ಅಂದರೆ ಖಾತೆ ಬದಲಾವಣೆಯ ವಹಿ. ಆಗ ಭೂಮಿ ತಂತ್ರಾಂಶ ಬಂದಿರಲಿಲ್ಲ, ಎಲ್ಲ ಗ್ರಾಮ ಲೆಕ್ಕಿಗರ ಕೈಬರಹ. ಎಂ.ಆರ್. ಸಂಖ್ಯೆಯ ಎದುರು ಅರ್ಜಿಯ ದಿನಾಂಕವಿರುತ್ತದೆ. ಸಾವಾಗಿ ಎಷ್ಟು ದಿನಕ್ಕೆ ಅರ್ಜಿ ಬಿತ್ತು ಎಂಬುದೇ ಒಂದು ಸಾಕ್ಷ್ಯ. ಆಮೇಲೆ ಆ ಜಮೀನು ಕೈ ಬದಲಾಯಿಸಿತೇ ಎಂಬುದಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರ. 2004ರ ಏಪ್ರಿಲ್‌ಗಿಂತ ಹಿಂದಿನದನ್ನು ಕಂಪ್ಯೂಟರ್‌ನಲ್ಲಿ ಹುಡುಕಲು ಬರುವುದಿಲ್ಲ, ಸೂಚಿ ಪುಸ್ತಕಗಳನ್ನು ಕೈಯಲ್ಲೇ ತಿರುವಿ ಹಾಕಬೇಕು.

ಖಾಕಿ ದಫ್ತರ

ಅಣ್ಣನ ವಯಸ್ಸು 28ಕ್ಕಿಂತ ಹೆಚ್ಚು, ಅದು ಸರಿ. ಆದರೆ ಸಹಾಯ ಮಾಡಿದ ಆಳುಮಗ ಅಂತ ಯಾರನ್ನಾದರೂ ಸೇರಿಸುವುದಾದರೆ 1997ರಲ್ಲಿ ಅವನ ವಯಸ್ಸನ್ನು ಲೆಕ್ಕ ಹಾಕಿ. 18 ತುಂಬಿರದಿದ್ದರೆ ಈಗ 38 ಆಗಿದ್ದರೂ ಬಾಲನ್ಯಾಯ ಮಂಡಳಿಗೇ ಹೋಗುತ್ತಾನೆ. ಶಾಲೆಯ ದಾಖಲಾತಿ ರಿಜಿಸ್ಟರ್ ತಂದು ಯಾವ ಹಂತದಲ್ಲಾದರೂ ಆ ವಾದ ಎತ್ತಬಹುದು. ಇದನ್ನು ತಿರುವಾಗಿಯೂ ಬಳಸಬಹುದು: ಶಿಕ್ಷೆಯ ಭಯ ಕಡಿಮೆ ಇರುವ ಅವನೇ ದಂಡ ಪ್ರಕ್ರಿಯಾ ಸಂಹಿತೆಯ 306ರಡಿ ಮಾಫಿ ಸಾಕ್ಷಿಯಾಗಲು ಒಪ್ಪುತ್ತಾನೆಯೇ ಎಂದು.

ಕರಡು ತಿದ್ದು

ಮುಕ್ತಾಯಕ್ಕೆ ಏನು ಹೇಳುತ್ತೀರಿ? ದೋಷಾರೋಪ ಪಟ್ಟಿ ಸಲ್ಲಿಸಿದ ದಿನಕ್ಕೆ ನಿಲ್ಲಿಸುವುದು ಒಂದು ದಾರಿ. ತೀರ್ಪಿನವರೆಗೆ ಎಳೆದರೆ ನ್ಯಾಯಾಲಯದ ಕಾದಂಬರಿಯಾಗಿಬಿಡುತ್ತದೆ.

ವಕೀಲಿ ಗುಮಾಸ್ತ

ಇಷ್ಟು ಸಾಕ್ಷ್ಯಕ್ಕೆ ಸೆಷನ್ಸ್ ನ್ಯಾಯಾಲಯ ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡುವ ಸಾಧ್ಯತೆಯೇ ಹೆಚ್ಚು. ಅದನ್ನು ಮುಚ್ಚಿಡಬೇಡಿ, ಇನ್ಸ್‌ಪೆಕ್ಟರ್‌ಗೂ ಅದು ಗೊತ್ತಿರಲಿ. ಆದರೆ ಮಗಳ ಕೈಯಲ್ಲಿ ಇನ್ನೊಂದು ದಾವೆ ಇದೆ. ಉತ್ತರಾಧಿಕಾರ ಕಾಯ್ದೆಯ 25ನೇ ಕಲಂ ಪ್ರಕಾರ ಕೊಂದವನು ಕೊಲೆಯಾದವನ ಆಸ್ತಿಗೆ ವಾರಸುದಾರನಾಗುವಂತಿಲ್ಲ. ಸಿವಿಲ್ ನ್ಯಾಯಾಲಯದಲ್ಲಿ ಬೇಕಾದ್ದು ಸಾಧ್ಯತೆಯ ತೂಕ, ಸಂಶಯಾತೀತ ಪುರಾವೆ ಅಲ್ಲ. ಕೊಲೆ ಸಾಬೀತಾಗದಿದ್ದರೂ ಮಗಳೆಂಬುದು ಸಾಬೀತಾದರೆ ಅಜ್ಜಿಯ ಮತ್ತು ತಾಯಿಯ ಜೊತೆ ಅವಳಿಗೂ ಪಾಲಿದೆ.

ಇಲ್ಲಿ ನಿಮಗೆ ಗಡುವೂ ಸಿಗುತ್ತದೆ. ಭಾಗವಾದ ಜಮೀನಿನಲ್ಲಿ ಅಣ್ಣ 1997ರಿಂದ ತನ್ನದೆಂದೇ ಕೂತಿದ್ದರೆ, 12 ವರ್ಷದ ನಂತರ ಎದುರು ಸ್ವಾಧೀನದ ವಾದ ಎತ್ತುತ್ತಾನೆ. ಹಕ್ಕುದಾರಳು ಅಪ್ರಾಪ್ತೆಯಾಗಿದ್ದರಿಂದ ಕಾಲಮಿತಿ ಕಾಯ್ದೆಯ 6 ಮತ್ತು 8ನೇ ಕಲಂ ಅವಳಿಗೆ 18 ತುಂಬಿದ ಮೇಲೆ ಮೂರು ವರ್ಷ ಕೊಡುತ್ತದೆ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. 1998ರ ಜನವರಿಯಲ್ಲಿ ಹುಟ್ಟಿದವಳಿಗೆ 21 ತುಂಬುವುದು 2019ರ ಜನವರಿಯಲ್ಲಿ. ಕಥೆ 2018ರ ನವೆಂಬರ್‌ನಲ್ಲಿ ಶುರುವಾದರೆ ಅವಳಿಗೆ ಇರುವುದು ಎರಡೇ ತಿಂಗಳು, ನಡುವೆ ನ್ಯಾಯಾಲಯದ ಕ್ರಿಸ್‌ಮಸ್ ರಜೆ ಬೇರೆ. ಡಿಎನ್‌ಎ ವರದಿ ಅಷ್ಟರೊಳಗೆ ಬರುವುದು ಕಷ್ಟ, ವರದಿಗೆ ಕಾಯದೆ ಮದುವೆಯ ನೋಂದಣಿ ಪತ್ರ ಮತ್ತು ಜನನ ಪ್ರಮಾಣಪತ್ರದ ಮೇಲೆಯೇ ದಾವೆ ಹೂಡಬೇಕು. ವರದಿಯನ್ನು ಆಮೇಲೆ ಹಾಜರುಪಡಿಸಲು ಅವಕಾಶವಿದೆ.

ತುಂಗಾತೀರ

ಹಾಗಾದರೆ ಪಂಚೆ ಹೋಯಿತು, ತಪ್ಪೊಪ್ಪಿಗೆ ಹೋಯಿತು. ಮಗಳು, ಮಳೆ ರಿಜಿಸ್ಟರ್, ಮ್ಯುಟೇಷನ್, ಬುರುಡೆಯ ಅಚ್ಚು ಬಂದವು. ಇನ್ನೊಂದೇ ಪ್ರಶ್ನೆ: ಕೊಡಲಿ ಬಾವಿಯಲ್ಲೇ ಸಿಗಬಹುದೇ?

ಮೂಳೆಮಾತು

ಸಿಗಬಹುದು. ತಳದ ಹೂಳಿನೊಳಗೆ ಗಾಳಿಯಾಡದಿದ್ದರೆ ಕಬ್ಬಿಣ 21 ವರ್ಷಕ್ಕೆ ಪೂರ್ತಿ ತಿಂದುಹೋಗುವುದಿಲ್ಲ, ತುಕ್ಕಿನ ಪದರದ ಕೆಳಗೆ ಆಕಾರ ಉಳಿದಿರುತ್ತದೆ. ರಕ್ತ, ಬೆರಳಚ್ಚು ಯಾವುದೂ ಇರುವುದಿಲ್ಲ. ಹಿಂಬದಿಯ ಅಗಲವನ್ನು ಬುರುಡೆಯ ತಗ್ಗಿಗೆ ಅಳೆದು ನೋಡಬಹುದು, ಆದರೆ ತುಕ್ಕು ಅಂಚನ್ನು ಉಬ್ಬಿಸಿರುತ್ತದೆ. ಆದ್ದರಿಂದ ಎಕ್ಸ್‌ರೇ ತೆಗೆದು ಒಳಗಿನ ಗಟ್ಟಿ ಲೋಹದ ಅಳತೆ ಹಿಡಿಯಬೇಕು.

ಖಾಕಿ ದಫ್ತರ

ಬಾವಿ ಬತ್ತಿಸುವುದನ್ನು ಏಪ್ರಿಲ್‌ಗೆ ಇಡಿ, ನವೆಂಬರ್‌ನಲ್ಲಿ ನೀರು ಕಟ್ಟೆಯ ಹತ್ತಿರವೇ ಇರುತ್ತದೆ. ಅಣ್ಣನೇ ತೋರಿಸಿದ್ದರೆ 27ನೇ ಕಲಂ ಬಳಸಬಹುದು, ಆದರೆ ಅವನ ಮಾತನ್ನು ಪಂಚರ ಮುಂದೆ ಮೊದಲೇ ಬರೆದುಕೊಂಡು, ಅವನನ್ನು ಮುಂದಿಟ್ಟುಕೊಂಡು ಹೋಗಬೇಕು. ಪೊಲೀಸರು ಮೊದಲೇ ಹೂಳೆತ್ತಿಸಿ ಆಮೇಲೆ ಅವನ ಹೇಳಿಕೆ ಬರೆದರೆ ಅದು ಹೊಸ ಪತ್ತೆಯಾಗುವುದಿಲ್ಲ. ಎರಡು ಮೋಟಾರು, ಒಂದು ಡೀಸೆಲ್, ಒಂದು ಕರೆಂಟು. ಹಳ್ಳಿಯಲ್ಲಿ ಮಧ್ಯಾಹ್ನ ಕರೆಂಟು ಹೋದರೆ ಊಟೆ ನೀರು ಸಂಜೆಯೊಳಗೆ ಮತ್ತೆ ಏರಿಬಿಡುತ್ತದೆ.